ಮೆಟ್ಟಿಲ ಮೇಲಿನ ಒಣಸೀರೆ

ಮೊನ್ನೆ ಮಂಗಳವಾರ ಬೆಳಿಗ್ಗೆ ನಾನು ನಿಂತಿದ್ದದ್ದು ತರೀಕೆರೆ ದಾಟಿ ಹೊಸದಾಗಿ ಆಗಿರುವ ಯೋಗಕೇಂದ್ರದ ಕೋಣೆಯೊಂದರಲ್ಲಿ, ಮುಚ್ಚಳವಿರುವ ನೀರಿನ ತೊಟ್ಟಿಯ ಮುಂದೆ. ಯಜಮಾನರು ಹೋದ ಮೇಲೆ ನನಗೆ ನಿದ್ದೆ ಬರುತ್ತಿಲ್ಲವೆಂದು ತಂಗಿಯ ಮಗಳು ಕರೆದುಕೊಂಡು ಹೋಗಿದ್ದಳು. ಉಪ್ಪು ಕರಗಿಸಿದ ಬೆಚ್ಚನೆಯ ನೀರು. ಮಲಗಿದರೆ ಮೈ ತಾನಾಗಿ ತೇಲುತ್ತದಂತೆ. ಮುಚ್ಚಳ ಹಾಕಿದರೆ ಬೆಳಕಿಲ್ಲ, ಸದ್ದಿಲ್ಲ.

“ಕಿವಿ ನೀರೊಳಗಿರ್ಲಿ ಆಂಟಿ, ಮನಸ್ಸು ತಾನೇ ಸುಮ್ನಾಗುತ್ತೆ” ಎಂದು ಹೇಳಿ ಅಲ್ಲಿನ ಹುಡುಗಿ ಮಡಿಸಿದ ಒಣ ಟವೆಲೊಂದನ್ನು ಸ್ಟೂಲಿನ ಮೇಲಿಟ್ಟು ಹೋದಳು. ನಾನು ಆ ಟವೆಲನ್ನೇ ನೋಡುತ್ತ ನಿಂತೆ...

ಮದುವೆಯಾಗಿ ಸಿಂಗಟಗೆರೆಗೆ ಬಂದ ಹೊಸತರಲ್ಲಿ ನನ್ನನ್ನು ಮಾತಾಡಿಸಿದವರು ಎದುರುಮನೆ ಅಕ್ಕ ಒಬ್ಬರೇ. ಅವರದು ತುಂಬಿದ ಮನೆ, ಯಾರಿಗೆ ಏನು ಬೇಕಾದರೂ ಅಕ್ಕನನ್ನೇ ಕೂಗುತ್ತಿದ್ದರು. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ ಅಕ್ಕ ತಮ್ಮ ತೋಟದ ಬಾವಿಗೆ ಇಳಿಯುತ್ತಿದ್ದರು. ಹುಟ್ಟಿದೂರಿನ ಕೆರೆಯಲ್ಲಿ ಕಲಿತ ಈಜು. ಸೀರೆ ಎತ್ತಿ ಕಟ್ಟಿ, ನೀರಿನ ಮೇಲೆ ಅಂಗಾತ ಮಲಗಿ, ಕೈಕಾಲು ಬಿಟ್ಟುಬಿಡುತ್ತಿದ್ದರು. ನಾನು ಅವರ ಒಣಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ.

“ಅಲ್ಲಿ ಏನ್ ಯೋಚ್ನೆ ಮಾಡ್ತೀರಕ್ಕ?” ಎಂದು ಒಮ್ಮೆ ಕೇಳಿದ್ದೆ.

“ಮೊದ್ಲು ಸಾರಿಗೆ ಉಪ್ಪು ಹಾಕಿದ್ನಾ ಅಂತ ಬರುತ್ತೆ ಕಣೇ” ಎಂದು ನಕ್ಕರು. “ಬಂದ್ರೆ ಬರ್ಲಿ ಅಂತ ಬಿಟ್ಬಿಡ್ತೀನಿ. ಕಿವಿ ಮುಳುಗಿದ್ರೆ ಎಲ್ರೂ ಸುಮ್ನಾಗ್ತಾರೆ. ಆಮೇಲೆ ನಾನೂ ಸುಮ್ನಾಗ್ತೀನಿ.”

ಒಂದು ಮಧ್ಯಾಹ್ನ ಪಕ್ಕದ ತೋಟದಲ್ಲಿ ಕಾಯಿ ಕೀಳಲು ಒಬ್ಬಾತ ಮರ ಹತ್ತಿದ್ದ. ಮೇಲಿನಿಂದ ಅವನಿಗೆ ಕಂಡದ್ದು ಬಾವಿಯ ನೀರು, ಅದರ ಮೇಲೆ ಕೂದಲು ಹರಡಿಕೊಂಡು ಅಲುಗಾಡದೆ ಬಿದ್ದಿರುವ ಹೆಂಗಸು.

“ಅಮ್ಮಾವ್ರು ಬಾವಿಗ್ ಬಿದ್ಬಿಟ್ಟವ್ರೆ, ಬನ್ರೋ!”

ಅಕ್ಕನ ಕಿವಿ ನೀರೊಳಗಿತ್ತು. ನಾನು ಎದ್ದು ನಿಂತು ಬೇಡ ಬೇಡ ಎಂದು ಕೂಗಿದ್ದು ಅವನಿಗೆ ಅಳುವಿನಂತೆ ಕೇಳಿಸಿರಬೇಕು. ಮರದಿಂದ ಜಾರಿ, ಓಡಿ ಬಂದು, ಹಾರಿಯೇಬಿಟ್ಟ. ಬೆಚ್ಚಿದ ಅಕ್ಕ ನೀರು ಕುಡಿದು ಒದ್ದಾಡಿದರು. ಅಷ್ಟರಲ್ಲಿ ಓಡಿ ಬಂದ ಜನ ನೋಡಿದ್ದು ಆ ಒದ್ದಾಟವನ್ನು ಮಾತ್ರ. ಎಲ್ಲರೂ ಸೇರಿ ಮೇಲೆಳೆದರು.

“ಈಜ್ತಾ ಇದ್ದೆ ಕಣ್ರೋ, ಬಿಡ್ರೋ!” ಎಂದರು ಅಕ್ಕ, ಕೆಮ್ಮುತ್ತಲೇ. ಅವರ ಯಜಮಾನರು ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು. “ಏನ್ ಕಮ್ಮಿ ಮಾಡಿದ್ದೆ ನಿಂಗೆ?”

ನಾನು ಮಡಿಸಿದ ಸೀರೆಯನ್ನು ಎತ್ತಿ ತೋರಿಸಿದೆ. “ಸಾಯೋಕ್ ಹೋಗೋರು ಒಣಸೀರೆ ತರ್ತಾರಾ?”

“ಸುಮ್ನಿರಮ್ಮ, ನಿನ್ನೆ ಮೊನ್ನೆ ಬಂದೋಳು ನೀನು” ಎಂದರು ಅಕ್ಕನ ಅತ್ತೆ.

ಆಮೇಲೆ ಯಾರೂ ಅಕ್ಕನನ್ನು ಗದರಲಿಲ್ಲ. ಎಲ್ಲರೂ ಒಳ್ಳೆಯವರಾದರು. ಬಾವಿಗೆ ಕಬ್ಬಿಣದ ಜಾಲರಿ ಬಂತು. ಹಿತ್ತಿಲಿಗೆ ಹೋದರೂ ಹಿಂದೆ ಒಬ್ಬರು. ರಾತ್ರಿ ಪಕ್ಕದಲ್ಲಿ ನಾದಿನಿ. ಅಕ್ಕ ಮೊದಮೊದಲು ಈಜಿನ ಮಾತೆತ್ತಿದಾಗೆಲ್ಲ ಕಾವಲು ಇನ್ನಷ್ಟು ಬಿಗಿಯಾಗುತ್ತಿತ್ತು. ಕೊನೆಗೆ ಒಂದು ದಿನ, ನೋಡಲು ಬಂದ ನೆಂಟರ ಮುಂದೆ, “ಅವತ್ತು ನಂಗೇನೋ ಆಗೋಗಿತ್ತು, ಈಗ ಸರಿಹೋಯ್ತು” ಎಂದುಬಿಟ್ಟರು. ನಾನು ಅಲ್ಲೇ ಇದ್ದೆ. ನನ್ನ ಕಡೆ ನೋಡಲಿಲ್ಲ. ನಾದಿನಿ ತನ್ನ ಹಾಸಿಗೆಯನ್ನು ಬೇರೆ ಕೋಣೆಗೆ ಒಯ್ದಳು. ಜಾಲರಿ ಮಾತ್ರ ಹಾಗೇ ಉಳಿಯಿತು. ಅಕ್ಕ ಎಷ್ಟೋ ವರ್ಷದ ನಂತರ, ಜ್ವರದಲ್ಲಿ, ಮನೆತುಂಬ ಜನರ ನಡುವೆ ತೀರಿಕೊಂಡರು.

ಮೊನ್ನೆ ತೊಟ್ಟಿಯೊಳಗೆ ಮಲಗಿದಾಗ ಮೊದಲು ಬಂದದ್ದು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಯೋಚನೆ. ಬಿಟ್ಟೆ. ಯಜಮಾನರ ಕೆಮ್ಮು ಬಂತು, ಬಹಳ ಹೊತ್ತು ಇತ್ತು... ಅದೂ ಹೋಯಿತು. ಅಕ್ಕ ಹೇಳಿದಂತೆಯೇ ಎಲ್ಲರೂ ಸುಮ್ಮನಾದರು. ಅಲ್ಲಿ ನನ್ನನ್ನು ಎಳೆಯಲು ಯಾರೂ ಬರಲಿಲ್ಲ. ಹೊರಬಂದು ಟವೆಲು ಹೊದ್ದುಕೊಂಡಾಗ ಅಳು ತಡೆಯಲಾಗಲಿಲ್ಲ.

ಅವತ್ತು ಮೊದಲಿಂದ ನೋಡಿದವರು ಇಬ್ಬರೇ, ಇಬ್ಬರೂ ಇನ್ನೂ ಇದ್ದೇವೆ. ಕಾಯಿ ಕೀಳುತ್ತಿದ್ದಾತ ಈಗ ಅಜ್ಜಂಪುರದಲ್ಲಿ ಮಗಳ ಮನೆಯಲ್ಲಿದ್ದಾನೆ. ಒಂದು ಜೀವ ಉಳಿಸಿದೆ ಎಂದು ಮೊಮ್ಮಕ್ಕಳಿಗೆ ಹೇಳುತ್ತಿರುತ್ತಾನಂತೆ. ಅವನು ಸುಳ್ಳು ಹೇಳುವವನಲ್ಲ. ಮರದ ಮೇಲಿನಿಂದ ಅವನಿಗೆ ಕಂಡದ್ದು ಅಷ್ಟೇ. ಇನ್ನೊಬ್ಬಳು ನಾನು. ನಾನು ಮೆಟ್ಟಿಲ ಮೇಲೆ, ಅಕ್ಕನ ಮುಖ ಕಾಣುವಷ್ಟು ಹತ್ತಿರದಲ್ಲಿ ಕೂತಿದ್ದೆ.