ತಂತಿಯ ಆಚೆ ತುದಿಯ ಊರು

ಬೀದಿಯವರೆಲ್ಲ ಆಕೆಯನ್ನು ಆಪರೇಟರಕ್ಕ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ಕಚೇರಿಯ ಕೆಲಸ ಮುಗಿದು, ಆ ಕಚೇರಿಗೇ ಬೀಗ ಬಿದ್ದು ಎಷ್ಟೋ ಕಾಲವಾಗಿದ್ದರೂ ಆ ಹೆಸರು ಅಳಿಸಿರಲಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ವೈರು ಚುಚ್ಚುತ್ತ, ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸುತ್ತಲೇ ಆಕೆಯ ಪ್ರಾಯ ಕಳೆದಿತ್ತು. ಅಪ್ಪ ಬೇಗ ಹೋದರು. ತಮ್ಮನನ್ನು ಓದಿಸಿ, ಅವನಿಗೊಂದು ಮದುವೆ ಮಾಡಿ, ಅಮ್ಮನನ್ನು ಕೊನೆತನಕ ನೋಡಿಕೊಂಡು ಕತ್ತೆತ್ತುವಷ್ಟರಲ್ಲಿ ಆಕೆಯ ಮದುವೆಯ ಮಾತೆತ್ತುವವರೇ ಉಳಿದಿರಲಿಲ್ಲ. ಈಗ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ವಾಸ.

ಆಗೆಲ್ಲ ದೂರದೂರಿನ ಕರೆಗಳು ಮಹಾನಗರದ ಎಕ್ಸ್‌ಚೇಂಜಿನ ಮೂಲಕವೇ ಹೋಗಬೇಕಿತ್ತು. ಅಲ್ಲಿ ಕೂತು ಲೈನು ಕೊಡುತ್ತಿದ್ದ ಒಬ್ಬಳ ಜೊತೆ ಆಪರೇಟರಕ್ಕನಿಗೆ ಸಲುಗೆ ಬೆಳೆಯಿತು. ಆಪರೇಟರುಗಳು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆಯುವುದು ರೂಢಿಯಾಗಿದ್ದರಿಂದ ಸ್ವಂತ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಮಹಾನಗರದ ಈ ಗೆಳತಿಯ ಬಾಯಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಅಲ್ಲಿನವರು ಗಿಣಿ ಎಂದು ಅಡ್ಡಹೆಸರಿಟ್ಟಿದ್ದರು. ಮಧ್ಯಾಹ್ನ ಲೈನು ಖಾಲಿಯಿದ್ದಾಗ ಗಿಣಿ ತನ್ನ ಊರನ್ನು ಬಣ್ಣಿಸುತ್ತಿದ್ದಳು. ಆಪರೇಟರಕ್ಕ ಹೂಂಗುಟ್ಟುತ್ತಿದ್ದಳು.

“ಒಂದ್ಸಲ ಬಾರೇ ಇಲ್ಲಿಗೆ. ಕೈ ಹಿಡ್ಕೊಂಡು ಎಲ್ಲಾ ತೋರಿಸ್ತೀನಿ” ಎಂದಿದ್ದಳು ಗಿಣಿ.

ಆಮೇಲೆ ತಾನಾಗಿಯೇ ಲೈನು ಜೋಡಿಸುವ ಯಂತ್ರ ಬಂತು. ಬೋರ್ಡು ಕಳಚಿದರು. ಹೋಗಿಬರುತ್ತೇನೆ ಎನ್ನಲೂ ಆಗದೆ ಆ ದನಿ ನಿಂತುಹೋಯಿತು.

ಅಮ್ಮ ತೀರಿಕೊಂಡ ಮೇಲೆ ಒಂದು ದಿನ ಆಪರೇಟರಕ್ಕ ಊಟಕ್ಕೆ ಕೂತಾಗ, ತಾನು ಮಹಾನಗರ ನೋಡಿಕೊಂಡು ಬರುತ್ತೇನೆ ಎಂದಳು. ತಮ್ಮ ತಟ್ಟೆಯಿಂದ ಕೈ ತೆಗೆದ.

“ಅಲ್ಲಿ ಯಾರಿದ್ದಾರಕ್ಕಾ ನಿಂಗೆ?”

“ಇದ್ದಾರೆ ಒಬ್ರು.”

ಅವನು ತಬ್ಬಿಬ್ಬಾದ. ಅವನ ಹೆಂಡತಿ ನಗು ತಡೆಯಲು ನೀರು ಕುಡಿದಳು.

ಮಹಾನಗರದಲ್ಲಿ ಆಕೆ ಹಿಡಿದ ಲಾಡ್ಜಿನ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಒಂದು ಮಂಚ, ಒಂದು ಕನ್ನಡಿ, ತಿರುಗುವಾಗ ಗೊರಕೆ ಹೊಡೆಯುವ ಫ್ಯಾನು. ಕಿಟಕಿ ತೆರೆದರೆ ಕೈಗೆಟುಕುವಷ್ಟು ಹತ್ತಿರ ಪಕ್ಕದ ಕಟ್ಟಡದ ಗೋಡೆ. ಮೊದಲ ದಿನ ಆಕೆ ಬೀದಿಯ ಕೊನೆಯವರೆಗೆ ನಡೆದು, ರಸ್ತೆ ದಾಟುವ ಧೈರ್ಯ ಸಾಲದೆ ತಿರುಗಿ ಬಂದಳು. ಹೋಟೆಲಿನಲ್ಲಿ ಒಂದೇ ಮೇಜಿಗೆ ಅಪರಿಚಿತರ ಜೊತೆ ಕೂತು ಉಂಡಳು. ಎಲ್ಲರ ಒಂದು ಕೈ ತಟ್ಟೆಯಲ್ಲಿ, ಇನ್ನೊಂದು ಮೊಬೈಲಿನ ಮೇಲೆ. ಕೋಣೆಗೆ ಬಂದು ಮಲಗಿದಾಗ ಹೊಳೆಯಿತು: ಇಡೀ ದಿನ ತಾನಾಡಿದ್ದು “ಒಂದು ಊಟ” ಮತ್ತು “ಕೀಲಿ ಕೊಡಿ” ಎಂಬೆರಡು ಮಾತು ಮಾತ್ರ. ದನಿ ಸರಿಯಿದೆಯೇ ಎಂದು ನೋಡುವವಳಂತೆ ಮೆಲ್ಲಗೆ “ಹಲೋ” ಎಂದಳು. ಫ್ಯಾನು ಗೊರಕೆ ಹೊಡೆಯಿತು.

ಮಾರನೆಯ ದಿನ ಹಳೆಯ ಎಕ್ಸ್‌ಚೇಂಜ್ ಹುಡುಕಲೆಂದು ಹಟ ಹಿಡಿದು ಬಸ್ಸು ಹತ್ತಿದಳು. ಬಡಾವಣೆಗಳ ಹೆಸರೆಲ್ಲ ಆಕೆಗೆ ಬಾಯಿಪಾಠ. ಒಂದೊಂದಕ್ಕೂ ಆಕೆಯ ಕಿವಿಯಲ್ಲಿ ಒಂದೊಂದು ದನಿ. ಹಳೇ ಮಾರುಕಟ್ಟೆಯೆಂದರೆ ದರ ಕೂಗುತ್ತಿದ್ದ ಒಬ್ಬ ವ್ಯಾಪಾರಿ. ರೈಲ್ವೆ ಕಾಲನಿಯೆಂದರೆ ಮಗಳು ಫೋನ್ ಎತ್ತಿದರೆ ಸಾಕು, ಮಾತಿಗೆ ಮೊದಲೇ ಅಳುತ್ತಿದ್ದ ತಾಯಿ. ಈಗ ಕಿಟಕಿಯಾಚೆ ಆ ಹೆಸರುಗಳು ಫಲಕಗಳ ಮೇಲೆ ಸರಿದುಹೋದವು. ಮಾರುಕಟ್ಟೆಯ ಜಾಗದಲ್ಲಿ ಗಾಜಿನ ಕಟ್ಟಡ. ಇಳಿಯಬೇಕಾದ ಕಡೆ ಇಳಿಯಲಾಗದೆ, ಜನರ ನಡುವೆ ಸಿಕ್ಕಿಕೊಂಡು, ಬಸ್ಸು ನಿಲ್ಲುವ ಡಿಪೋದವರೆಗೆ ಹೋದಳು.

“ಅಜ್ಜೀ, ಮುಂದಕ್ಕೆ ಬಸ್ಸಿಲ್ಲ. ಇಳೀರಿ” ಎಂದ ಕಂಡಕ್ಟರು.

ಆಕೆಯನ್ನು ಅಜ್ಜಿ ಎಂದು ಕರೆದವರಲ್ಲಿ ಅವನೇ ಮೊದಲಿಗ. ಡಿಪೋದ ಬೆಂಚಿನ ಮೇಲೆ ಕೂತಾಗ ಆಕೆಗೆ ಕಣ್ಣು ತುಂಬಿ ಬಂತು. ದಾರಿ ತಪ್ಪಿದ್ದಕ್ಕಲ್ಲ. ಇಷ್ಟು ದೊಡ್ಡ ಊರಿನಲ್ಲಿ ತಾನು ತಪ್ಪಿಸಿಕೊಂಡಿದ್ದೇನೆಂದು ಗೊತ್ತಾಗುವವರು ಒಬ್ಬರೂ ಇಲ್ಲವಲ್ಲ ಎಂದು.

ಮರುದಿನ ಎಕ್ಸ್‌ಚೇಂಜಿನ ಕಟ್ಟಡ ಸಿಕ್ಕಿತು. ಕೆಳಗೆ ಪಾದರಕ್ಷೆಯ ಅಂಗಡಿ. ಮೇಲಿನ ಒಂದು ಕೋಣೆಯಲ್ಲಿ ಮಾತ್ರ ನಿವೃತ್ತ ನೌಕರರ ಸಂಘ ಉಳಿದುಕೊಂಡಿತ್ತು. ಪೇಪರು ಓದುತ್ತ ಕೂತಿದ್ದ ಮುದುಕರೊಬ್ಬರು ಕನ್ನಡಕದ ಮೇಲಿಂದ ನೋಡಿದರು.

“ಯಾರು ಬೇಕಾಗಿತ್ತಮ್ಮ?”

“ಹೆಸರು ಗೊತ್ತಿಲ್ಲ. ಗಿಣಿ ಅಂತ ಕರೀತಿದ್ರು...”

ಅವರು ಪೇಪರು ಮಡಚಿ ಜೋರಾಗಿ ನಕ್ಕರು. “ಗಿಣಿನಾ! ನಮ್ಮ ಕಿವಿ ತೂತು ಮಾಡಿದೋಳು. ಇದ್ದಾಳೆ, ಇದ್ದಾಳೆ. ರೈಲ್ವೆ ಸೇತುವೆ ಪಕ್ಕ ಮಗನ ಮನೇಲಿ.”

ಬಾಗಿಲು ತೆರೆದದ್ದು ಸೊಸೆ. ಒಳಗೆ ಕುರ್ಚಿಯಲ್ಲಿ, ಮಂಡಿಗಳಿಗೆ ಬಟ್ಟೆ ಸುತ್ತಿಕೊಂಡ ದಪ್ಪನೆಯ ಹೆಂಗಸು ಟಿವಿ ನೋಡುತ್ತಿದ್ದಳು. ಇವಳೇ ಗಿಣಿ. ಆಪರೇಟರಕ್ಕ ಕಲ್ಪಿಸಿಕೊಂಡಿದ್ದವಳು ಸಪೂರವಾಗಿದ್ದಳು. ತನ್ನ ಊರಿನ ಹೆಸರು ಹೇಳಿದಳು. ಮಧ್ಯಾಹ್ನದ ಮಾತುಗಳನ್ನು ಹೇಳಿದಳು. ಗಿಣಿ ಟಿವಿಯ ಸದ್ದನ್ನು ತಗ್ಗಿಸಿ, ಆಕೆಯ ಮುಖವನ್ನು ದಿಟ್ಟಿಸಿ ನೋಡಿದಳು.

“ಬೇಜಾರು ಮಾಡ್ಕೋಬೇಡಿ. ಎಷ್ಟೋ ಊರು, ಎಷ್ಟೋ ಜನ. ನಂಗೆ ನೆನಪಾಗ್ತಿಲ್ಲ.”

“ಪರವಾಗಿಲ್ಲ. ಎಷ್ಟು ವರ್ಷದ ಮಾತು!” ಎಂದಳು ಆಪರೇಟರಕ್ಕ.

ಸೊಸೆ ಚಹಾ ಕೊಟ್ಟಳು. ಹವಾಮಾನದ ಮಾತಾಯಿತು, ಮಂಡಿನೋವಿನ ಮಾತಾಯಿತು. ಗಿಣಿ ಆಕೆಯನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ಅದೇ ಹೆಚ್ಚು ಚುಚ್ಚಿತು. ಹೊರಡುವಾಗ ಸೊಸೆ ಉಪಚಾರಕ್ಕೆಂಬಂತೆ ಮೊಬೈಲ್ ನಂಬರ್ ತೆಗೆದುಕೊಂಡಳು. ಆಪರೇಟರಕ್ಕ ಸೇತುವೆಯ ಮೇಲೆ ಬಹಳ ಹೊತ್ತು ನಿಂತಳು. ಹಿಂದಿನಿಂದ ಬಂದವರು ಆಕೆಯನ್ನು ಸುತ್ತಿ ಬಳಸಿ, ಕಂಬವೊಂದನ್ನು ದಾಟಿದಂತೆ ದಾಟಿ ಹೋದರು.

ಬೆಳಿಗ್ಗೆ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಾಗ ಫೋನ್ ಬಂತು.

“ಹಲೋ” ಎಂದಳು.

“ಅಯ್ಯೋ, ಇನ್ನೊಂದ್ಸಲ ಅನ್ನು!” ಗಿಣಿಯೇ. ಫೋನಿನಲ್ಲಿ ಆ ದನಿಗೆ ವಯಸ್ಸೇ ಆಗಿರಲಿಲ್ಲ. “ನಿನ್ನೆ ಮುಖ ನೋಡಿದ್ರೆ ಏನೂ ತೋಚ್ಲಿಲ್ಲ ಕಣೇ. ಈಗ ಗೊತ್ತಾಯ್ತು. ನೀನು ಹಾಡ್ತಿದ್ದೋಳಲ್ವಾ? ಲೈನು ಸಿಗೋತನಕ ಗುನುಗ್ತಾ ಇರ್ತಿದ್ದೆ. ನಿನ್ನ ಮದುವೆ ಗೊತ್ತಾದಾಗ ಮೊದಲು ಹೇಳಿದ್ದು ನಂಗೆ!”

ಆಪರೇಟರಕ್ಕನ ಕೈಲಿದ್ದ ಬಟ್ಟೆ ಹಾಗೇ ಉಳಿಯಿತು. ಹಾಡುತ್ತಿದ್ದವಳು ತನ್ನ ಕಚೇರಿಯಲ್ಲೇ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಇನ್ನೊಬ್ಬ ಆಪರೇಟರು. ಮದುವೆಯಾಗಿ, ಹೆರಿಗೆಯಲ್ಲಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಹೂಂ ಎಂದುಬಿಟ್ಟರೆ ಸಾಕಿತ್ತು. ಹೂಂ ಎನ್ನುವುದು ಆಕೆಗೆ ಹೊಸದೇನೂ ಅಲ್ಲ. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

“ಅಲ್ಲ ಅಕ್ಕಾ. ಅವಳು ಬೇರೆ. ಅವಳು ಈಗಿಲ್ಲ.”



“ಹಾಗಾದ್ರೆ ನೀನ್ಯಾರು?”

“ಹಾಡದೇ ಇದ್ದೋಳು.”

ಗಿಣಿಗೆ ನಗು ತಡೆಯಲಾಗಲಿಲ್ಲ. ಅವಳ ನಗು ನಿಲ್ಲುವ ಮೊದಲೇ ಆಪರೇಟರಕ್ಕನಿಗೂ ನಗು ಬಂತು. ಮಹಾನಗರಕ್ಕೆ ಬಂದ ಮೇಲೆ ಆಕೆ ನಕ್ಕದ್ದು ಅದೇ ಮೊದಲು.

“ನಾನೇ ಬಾಯಿ ಮುಚ್ತಾ ಇರ್ಲಿಲ್ಲ, ನಿನ್ನ ಮಾತು ಎಲ್ಲಿ ಕೇಳಿಸ್ಕೊಂಡಿರ್ತೀನಿ! ಈಗ ಹೇಳು. ಇಲ್ಲಿ ಏನೇನು ನೋಡ್ದೆ?”

ಆಪರೇಟರಕ್ಕ ಮಂಚದ ಮೇಲೆ ಕೂತು ಗೋಡೆ ಕಾಣುವ ಕಿಟಕಿಯಿಂದ ಶುರುಮಾಡಿದಳು. ಡಿಪೋವನ್ನೂ ಬಿಡಲಿಲ್ಲ. ಗಿಣಿ ನಡುವೆ ಬಾಯಿ ಹಾಕಲಿಲ್ಲ.

“ಹೊಳೆ ಕಡೆ ಹೋಗಿಲ್ವಾ? ದೋಣಿ ಕಟ್ಟೆ? ನಂಗೆ ಮಂಡಿ ಕೈ ಕೊಟ್ಟಿದೆ, ಮನೆಯಿಂದ ಹೊರಗೆ ಕಾಲಿಟ್ಟು ಯಾವ ಕಾಲ ಆಯ್ತೋ. ನೀನು ಹೋಗಿ ನೋಡಿ ಹೇಳು.”

ಆಕೆ ಚೀಲದಿಂದ ಬಟ್ಟೆ ಹೊರತೆಗೆದಳು. ಆ ವಾರವೆಲ್ಲ ಒಬ್ಬಳೇ ಊರು ಸುತ್ತಿದಳು. ಸುತ್ತಿ ಬಂದು ಫೋನಿನಲ್ಲಿ ವರದಿ ಒಪ್ಪಿಸಿದಳು. ಮನೆಗೆ ಬಾ ಎಂದು ಗಿಣಿ ಕರೆಯಲಿಲ್ಲ, ಬರುತ್ತೇನೆ ಎಂದು ಈಕೆಯೂ ಹೇಳಲಿಲ್ಲ. ಎದುರುಬದುರು ಕೂತರೆ ಮಾತು ಬತ್ತಿಹೋದೀತೆಂದು ಇಬ್ಬರಿಗೂ ಅನ್ನಿಸಿರಬೇಕು. ಹಳೆಯ ಗೆಳತಿಯ ನೆನಪು ಗಿಣಿಗೆ ಕೊನೆಗೂ ಮರಳಲಿಲ್ಲ. ಅದನ್ನು ಆಪರೇಟರಕ್ಕ ಮತ್ತೆ ಕೆದಕಲೂ ಇಲ್ಲ.

ಹೊರಡುವ ಹಿಂದಿನ ಸಂಜೆ ಆಕೆ ದೋಣಿ ಕಟ್ಟೆಯ ಮೆಟ್ಟಿಲ ಮೇಲೆ ಕೂತಿದ್ದಳು. ಸುತ್ತ ಮಕ್ಕಳು ಮರಿಗಳೊಂದಿಗೆ ಬಂದವರು. ಗಿಣಿ ಫೋನಿನಲ್ಲಿ ಪಟ್ಟುಬಿಡದೆ ಕೇಳುತ್ತಿದ್ದಳು: ದೋಣಿಗೆ ಬಣ್ಣ ಯಾವುದು, ನೀರು ಮೇಲಿನ ಮೆಟ್ಟಿಲಿನತನಕ ಬಂದಿದೆಯಾ, ಜನ ಇದ್ದಾರಾ?

“ತುಂಬಾ ಜನ ಇದ್ದಾರೆ” ಎಂದಳು ಆಪರೇಟರಕ್ಕ.

ಅಷ್ಟರಲ್ಲಿ ಆ ಕಡೆಯಿಂದ ಸೊಸೆ ಮಾತ್ರೆ ತೆಗೆದುಕೊಳ್ಳಲು ಕರೆದದ್ದು ಕೇಳಿಸಿತು. ಫೋನ್ ಕಟ್ಟಾಯಿತು. ಆಚೆ ದಡಕ್ಕೆ ಹೊರಟ ದೋಣಿ ತುಂಬಿತ್ತು. ಅದು ಹೋಗುವುದನ್ನು ನೋಡಿ, ಬಟ್ಟೆ ಕೊಡವಿಕೊಂಡು ಎದ್ದು, ಆಕೆ ರಸ್ತೆ ದಾಟಿ ಬಸ್ಸಿಗೆ ನಿಂತಳು.