ಒಂದು ಬಿಟ್ಟು ಒಂದು

ಎಲ್ಲರೂ ಆಕೆಯನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಊರಾಚೆಯ ದೊಡ್ಡ ಬಂಗಲೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವುದು ಆಕೆಯ ಕೆಲಸ. ಅಲ್ಲಿಯ ತೋಟ ನೋಡಿಕೊಳ್ಳುವುದು ಗಂಡನದು. ಗಿಡಗಳನ್ನು ಉಂಡೆ, ಕೊಡೆ, ಗೋಪುರದ ಆಕಾರಕ್ಕೆ ಕತ್ತರಿಸುವುದರಲ್ಲಿ ಅವನದು ಎತ್ತಿದ ಕೈ. ಮನೆಯಲ್ಲಿ ಕುಡಿದ ಲೋಟ ಎತ್ತಿಡದವನು, ತೋಟದಲ್ಲಿ ಒಂದು ಎಲೆ ಆಚೆ ಚಾಚಿದರೂ ಸಹಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಏಣಿ ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೂ ಊರುಗೋಲಿಲ್ಲದೆ ನಡೆಯಲಾಗಲಿಲ್ಲ. ಬೇರೆ ಮಾಲಿ ಬಂದರೆ ತೋಟದಂಚಿನ ಎರಡು ಕೋಣೆಯ ಮನೆಯೂ ಅವನ ಪಾಲಾಗುತ್ತಿತ್ತು. ಇಸ್ತ್ರಿಯಕ್ಕ ಯಜಮಾನಿಯ ಬಳಿ ಹೋಗಿ, ಕತ್ತರಿ ತಾನು ಹಿಡಿಯುತ್ತೇನೆ, ಹೇಳಿಕೊಡುವುದಕ್ಕೆ ಅವರಿದ್ದಾರಲ್ಲ ಎಂದಳು. ಯಜಮಾನಿ ಸ್ವಲ್ಪ ಯೋಚಿಸಿ ಹೂಂ ಎಂದಳು.

ಅವನು ಬೆತ್ತದ ಕುರ್ಚಿಯಲ್ಲಿ ಕೂತು ಊರುಗೋಲು ಚಾಚಿ ಅಪ್ಪಣೆ ಕೊಡುವನು. ಅವಳು ಏಣಿ ಹತ್ತಿ ಕತ್ತರಿಸುವಳು. ಎಡಕ್ಕೆ ಎಂದರೆ ಅವನ ಎಡವೋ ಅವಳ ಎಡವೋ ಎಂಬುದೇ ಮೊದಲ ವರ್ಷವೆಲ್ಲ ಜಗಳ. ಆ ಜಗಳದಲ್ಲಿ ಒಂದು ಉಂಡೆ ಗಿಡ ಸವೆದೂ ಸವೆದೂ ನಿಂಬೆಹಣ್ಣಾಯಿತು ಎಂದು ಬಂಗಲೆಯ ಅಡುಗೆಯವನು ಆಡಿಕೊಳ್ಳುತ್ತಿದ್ದ.

ಮುಂದೆ ಯಜಮಾನಿಗೆ ಗೇಟಿನಿಂದ ಬಂಗಲೆಯವರೆಗೆ ದಾರಿಯ ಎರಡೂ ಬದಿ ಗೋಪುರದ ಗಿಡ ಬೇಕೆನಿಸಿತು. ಬೇರಿನ ಮಣ್ಣಿಗೆ ಗೋಣಿ ಸುತ್ತಿದ ಎಳೆಯ ಸೈಪ್ರೆಸ್ ಗಿಡಗಳು ಲಾರಿಯಲ್ಲಿ ಬಂದಿಳಿದವು. ಒತ್ತೊತ್ತಾಗಿ ನೆಡು ಎಂದ ಗಂಡ. ಅವಳಿಗೆ ಸರಿಬರಲಿಲ್ಲ.

"ಒತ್ತಾಗಿ ಹರವಿದ ಬಟ್ಟೆ ಒಣಗಲ್ಲ ರೀ."

"ಇದೇನು ಬಟ್ಟೇನಾ? ತುಂಬಿದ ಸಾಲನ್ನ ನಾನು ಕಣ್ಣಾರೆ ನೋಡ್ಬೇಕು ಕಣೇ. ಎಷ್ಟು ವರ್ಷ ಅಂತ ಕಾಯ್ಲಿ?"

ಅವನು ಹೇಳಿದಷ್ಟೇ ಒತ್ತಾಗಿ ಅವಳು ಗುರುತು ಹಾಕಿದಳು. ಇಬ್ಬರು ಕೂಲಿಯವರ ಜೊತೆ ಗುಂಡಿ ತೋಡಿ, ಗೋಣಿ ಬಿಚ್ಚಿ, ಬೇರಿನ ಉಂಡೆ ಒಡೆಯದಂತೆ ಇಳಿಸಿ, ಮಣ್ಣು ತುಳಿದು ನೀರು ಹೊಯ್ದಳು. ಬೇಗನೆ ಸಾಲು ತುಂಬಿಕೊಂಡಿತು. ಬಂಗಲೆಗೆ ಬಂದ ನೆಂಟರೆಲ್ಲ ನಿಂತು ನೋಡಿ ಹೊಗಳುವಾಗ ಅವನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡುತ್ತಿದ್ದ.

ಆಮೇಲೆ ಗಿಡಗಳು ಒಂದಕ್ಕೊಂದು ತಾಗಿದವು. ತಾಗಿದ ಕಡೆ ಬಿಸಿಲು ಬೀಳದೆ ಎಲೆ ಕಂದಿ ಉದುರಿ, ಒಳಗಿನ ಕಡ್ಡಿ ಕಾಣತೊಡಗಿತು. ಅವನು ಸೊಂಟನೋವಿನ ನೆಪ ಹೇಳಿ ಆ ಕಡೆ ಬರುವುದನ್ನೇ ಬಿಟ್ಟ. ಇಸ್ತ್ರಿಯಕ್ಕ ಈ ಸಲ ಅವನನ್ನು ಕೇಳಲಿಲ್ಲ. ನೇರ ಯಜಮಾನಿಯ ಹತ್ತಿರ ಹೋಗಿ, ಒಂದು ಬಿಟ್ಟು ಒಂದು ಗಿಡ ಕಿತ್ತು ಹಿಂದಿನ ಗೋಡೆಯ ಪಕ್ಕ ನೆಡುತ್ತೇನೆ, ಕೆಲವು ಸಾಯಬಹುದು ಎಂದಳು. ಇಷ್ಟು ಒತ್ತಾಗಿ ನೆಟ್ಟವರು ಯಾರು ಎಂದು ಯಜಮಾನಿ ಕೇಳಿದ್ದಕ್ಕೆ, ನಾವಿಬ್ಬರೂ ಸೇರಿ ನೆಟ್ಟದ್ದು ಎಂದಳು.

ಮಳೆ ಹಿಡಿದ ಮೇಲೆ ಕೆಲಸ ಶುರುವಾಯಿತು. ಮೊದಲ ಗಿಡವನ್ನು ಗೋಡೆಯ ಬಳಿ ಗುಂಡಿಗೆ ಇಳಿಸುವಾಗ, ಅವನು ಕೆಸರಿನಲ್ಲಿ ಊರುಗೋಲು ಊರುತ್ತ ಬಂದು ನಿಂತ.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ," ಎಂದ. ಗಿಡವನ್ನು ಸುತ್ತ ನೋಡಿದ. "ಹೆಚ್ಚು ಬೋಳಾಗಿರೋ ಮಗ್ಗುಲನ್ನ ಗೋಡೆ ಕಡೆ ತಿರುಗ್ಸು. ಯಾರಿಗೂ ಕಾಣಲ್ಲ."

ಅದು ಅವಳಿಗೆ ಹೊಳೆದಿರಲಿಲ್ಲ. ತಿರುಗಿಸಿದಳು.

ಗೋಡೆಯ ಬಳಿಯವು ಅರ್ಧಕ್ಕರ್ಧ ಸತ್ತವು. ದಾರಿಯ ಸಾಲು ಮೊದಮೊದಲು ಹಲ್ಲುದುರಿದ ಬಾಯಿಯಂತಿದ್ದರೂ, ಗಾಳಿ ಬೆಳಕು ಸಿಕ್ಕು ನಿಧಾನಕ್ಕೆ ಚಿಗುರಿತು. ಒಂದೆರಡು ಬೋಳು ಕೊನೆಗೂ ತುಂಬಲಿಲ್ಲ. ಗಂಡ ಮತ್ತೆ ಕುರ್ಚಿ ಹಾಕಿಸಿಕೊಂಡ. ಅಪ್ಪಣೆ ಕಡಿಮೆಯಾಗಿ ಮಾತು ಜಾಸ್ತಿಯಾಯಿತು. ಕೆಲವು ವರ್ಷದ ಮೇಲೆ ಒಂದು ಚಳಿಗಾಲ ಜ್ವರ ಬಂದು ತೀರಿಕೊಂಡ.

ಮಂಡಿ ಏಣಿಯನ್ನು ಒಲ್ಲೆ ಎನ್ನುವವರೆಗೂ ಅವಳು ಕೆಲಸ ಮಾಡಿದಳು. ಹೊಸ ಮಾಲಿ ಮೆಷಿನ್ ತಂದಿದ್ದ. ಅವಳಿಗೆ ವಾರ ಹಿಡಿಯುತ್ತಿದ್ದ ಸಾಲನ್ನು ಒಂದೇ ದಿನದಲ್ಲಿ ಮುಗಿಸಿದ. ಮನೆ ಬಿಟ್ಟುಕೊಟ್ಟ ದಿನ ಅವಳು ಗೇಟಿನ ಹತ್ತಿರ ಚೀಲ ಇಳಿಸಿ, ಒಂದೊಂದೇ ಗಿಡ ನೋಡಿದಳು. ಚೆನ್ನಾಗಿಯೇ ಕತ್ತರಿಸಿದ್ದ. ಅವನಿಗೆ ಹಾಗೆಂದು ಹೇಳಿ, ತಂಗಿಯ ಊರಿನ ಬಸ್ಸು ಹಿಡಿಯಲು ಹೊರಟಳು.