ಚೀನಿಕಾಯಿಯ ಮೇಲಿನ ಮೂರಕ್ಷರ

ಊರಿನ ಶಾಲೆಗಿದ್ದ ಒಬ್ಬರೇ ಒಬ್ಬ ಮೇಷ್ಟ್ರಿಗೆ ವರ್ಗವಾಗಿ, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೊಸನಗರದಿಂದ ನಾಲ್ಕು ಮೈಲಿ ಒಳಗಿದ್ದ ಊರಿಗೆ ಯಾರು ತಾನೇ ಕುಣಿಯುತ್ತ ಬಂದಾರು? ಅರವತ್ತರ ದಶಕದ ಆ ಒಂದು ವರ್ಷ ನನಗೆ ಅಪ್ಪಯ್ಯನೇ ಮೇಷ್ಟ್ರು. ಬೇಸಿಗೆಯಲ್ಲಂತೂ ಪಾಠವೆಲ್ಲ ತರಕಾರಿ ಗದ್ದೆಯಲ್ಲೇ.

ಭತ್ತ ಕೊಯ್ದ ಗದ್ದೆಯಲ್ಲಿ ಅಮ್ಮ ಮೊಗೆಕಾಯಿ, ಅಲಸಂದೆ, ಚೀನಿಕಾಯಿ ಬೆಳೆಯುತ್ತಿದ್ದಳು. ಚೀನಿಕಾಯಿ ಎಂದರೆ ಸಿಹಿಗುಂಬಳ. ಮಳೆಗೆ ಮುಂಚೆ ಎಲ್ಲ ಕಿತ್ತು ನೆಂಟರಿಗೆ, ಅಕ್ಕಪಕ್ಕದವರಿಗೆ ಹಂಚಬೇಕು. ಕಾಯಿ ಎಳೆಯದಾಗಿದ್ದಾಗಲೇ ಕಡ್ಡಿಯಿಂದ ಅದರ ಮೇಲೆ ಯಾರ ಪಾಲು ಎಂದು ಗೀರಿ ಬರೆಯುವುದು ನಮ್ಮ ಮನೆಯ ಪದ್ಧತಿ. ಕಾಯಿ ಬಲಿತಂತೆ ಅಕ್ಷರವೂ ಉಬ್ಬಿ ದೊಡ್ಡದಾಗುತ್ತಿತ್ತು. ಅಪ್ಪಯ್ಯ ಅದನ್ನೇ ನನಗೆ ಕಾಪಿ ಬರೆಯುವ ಪಾಠ ಮಾಡಿದ್ದರು.

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಮೇಳಿಗೆಯಲ್ಲಿದ್ದ ಅವಳ ಅಪ್ಪ, ನನ್ನ ಅಜ್ಜಯ್ಯ, ಗಂಡುಮಕ್ಕಳನ್ನೆಲ್ಲ ಓದಿಸಿ ಇವಳನ್ನು ಒಂದೇ ತಿಂಗಳಿಗೆ ಶಾಲೆ ಬಿಡಿಸಿದ್ದರು. ಆ ವರ್ಷ ಗದ್ದೆಗೆ ನೀರು ಹೊಯ್ಯುತ್ತ ನನ್ನ ಪಾಠ ಕೇಳುತ್ತಿದ್ದವಳು ಒಂದು ದಿನ ಕೊಡ ಇಳಿಸಿ, "ನಂಗೂ ಹೇಳ್ಕೊಡೇ. ಮೇಳಿಗೆ ಅಂತ ಬರಿಯೋದೊಂದು ಸಾಕು," ಎಂದಳು.

ತಿಂಗಳು ಹಿಡಿಯಿತು. ಮಣ್ಣಿನ ಮೇಲೆ ಬರೆದು, ಅಳಿಸಿ, ನನ್ನಿಂದ ಬೈಸಿಕೊಂಡು ಕಲಿತಳು. ಮೇಷ್ಟ್ರಾಗಿ ನಾನು ಮಹಾ ಸಿಡುಕಿ. ಕೊನೆಗೆ ತವರಿಗೆಂದು ಆರಿಸಿಟ್ಟ ಎಳೆಗಾಯಿಯ ಮೇಲೆ ಉಸಿರು ಬಿಗಿಹಿಡಿದು ಮೂರೂ ಅಕ್ಷರ ಗೀರಿದಳು.

"ನಾ ಬರ್ದಿದ್ದು ಅಂತ ನಿನ್ ಅಜ್ಜಯ್ಯಂಗೆ ನಾನೇ ಹೇಳ್ತೀನಿ. ನೀ ಬಾಯಿ ಬಿಡ್ಬೇಡ, ಕೇಳ್ತಾ?" ಎಂದಳು. ಆಗ ಅವಳು ನನಗಿಂತ ಚಿಕ್ಕವಳ ಹಾಗೆ ಕಂಡಳು.

ಮೇ ಕೊನೆಗೆ ಇಬ್ಬರೂ ತೀರ್ಥಹಳ್ಳಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಗಾಡಿಯಲ್ಲಿ ಮೇಳಿಗೆ ತಲುಪಿದೆವು. ದಾರಿಯುದ್ದಕ್ಕೂ ಆ ಕಾಯಿ ಅಮ್ಮನ ಮಡಿಲಲ್ಲೇ ಇತ್ತು. ಜಗಲಿಯಲ್ಲಿ ಅದನ್ನಿಟ್ಟು ಅವಳು ಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಅಜ್ಜಯ್ಯ ಕಾಯಿಯನ್ನು ಬೆಳಕಿಗೆ ತಿರುಗಿಸಿದರು.

"ಎಷ್ಟ್ ದುಂಡಗೆ ಬರ್ದಿದಾರೆ ಮಾರಾಯ್ತಿ. ಯಾರೇ ಇದು?"

"ನಾನೇ," ಎಂದೆ.

ಯಾಕೆ ಹಾಗಂದೆ? ಹೊಗಳಿಸಿಕೊಳ್ಳುವ ಚಪಲ, ಇನ್ನೇನು. ಕಲಿಸಿದವಳು ನಾನು, ಹೊಗಳಿಕೆಯೂ ನನ್ನದೇ ಎಂದುಕೊಂಡಿರಬೇಕು. ಹತ್ತು ವರ್ಷಕ್ಕೆ ಅಷ್ಟೂ ತಿಳಿಯುವುದಿಲ್ಲವೇ? ಸಬೂಬು ಹೇಳುವುದಿಲ್ಲ. ಅಜ್ಜಯ್ಯ ನನ್ನ ತಲೆ ಸವರಿ, ಒಳಗಿದ್ದವರನ್ನೆಲ್ಲ ಕರೆದು ತೋರಿಸಿದರು. ತಿರುಗಿ ನೋಡಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ನಿನ್ ಮಗಳ ಕೈಬರಹ ನೋಡಿದ್ಯನೇ?" ಎಂದು ಅಜ್ಜಯ್ಯ ಕೇಳಿದರು.

ಅಮ್ಮ ಒಂದು ಗಳಿಗೆ ನನ್ನನ್ನು ನೋಡಿದಳು. "ಹೌದು, ಅವ್ಳೇ ಬರ್ದಿದ್ದು," ಎಂದು ಒಳಗೆ ಹೋದಳು.

ಊರಿಗೆ ಬಂದ ಮೇಲೆ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಉಳಿದ ಅಕ್ಷರ ಕಲಿಸುತ್ತೇನೆ ಬಾ ಎಂದು ಸ್ಲೇಟು ಹಿಡಿದು ಎಷ್ಟು ಸಲ ಹಿಂದೆ ಬಿದ್ದೆನೋ. "ಕೆಲ್ಸ ಇದೆ, ಹೋಗೇ," ಎನ್ನುತ್ತಿದ್ದಳು. ಅಜ್ಜಯ್ಯನಿಗೆ ಅವಳ ಪರವಾಗಿ ಕಾಗದ ಬರೆಯುತ್ತಿದ್ದವಳು ನಾನೇ. ನಿಜವನ್ನು ಒಂದು ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ನಾಚಿಕೆಯಾಗಿ, ಮುಂದಿನ ಕಾಗದದಲ್ಲಿ ಬರೆದರಾಯಿತು ಎಂದು ಎರಡು ವರ್ಷ ತಳ್ಳಿದೆ.

ಎರಡನೇ ವರ್ಷದ ಆಷಾಢದಲ್ಲಿ ಹೊಳೆ ಉಕ್ಕಿ ಬಸ್ಸು ನಿಂತಿತ್ತು. ಅಷ್ಟರಲ್ಲಿ ಊರಿಗೆ ಹೊಸ ಮೇಷ್ಟ್ರು ಬಂದಿದ್ದರು, ನಾನು ಶಾಲೆಗೆ ಹೋಗಿದ್ದೆ. ಅಪ್ಪಯ್ಯ ಸಾಗರಕ್ಕೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು. ಬೆಳಿಗ್ಗೆ ಟಪಾಲಿನವನು ಅಮ್ಮನ ಕೈಗೆ ಒಂದು ಕಾರ್ಡು ಕೊಟ್ಟು, ನಿಮ್ಮ ತವರಿನಿಂದ ಎಂದಷ್ಟೇ ಹೇಳಿ ಹೋಗಿದ್ದ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವಿಡೀ ಮನೆಗೆಲಸ ಮಾಡಿದ್ದಳು. ಸಂಜೆ ನಾನು ಬಂದ ಕೂಡಲೇ ನಗುತ್ತ ಕಾರ್ಡು ತೆಗೆದುಕೊಟ್ಟಳು.

ಮೊದಲ ಸಾಲಿನಲ್ಲೇ ಇತ್ತು. ಅಜ್ಜಯ್ಯ ತೀರಿಕೊಂಡು ನಾಲ್ಕು ದಿನವಾಗಿತ್ತು.

"ಎಂತ ಬರ್ದಿದಾರೆ? ಗಟ್ಟಿ ಓದೇ," ಎನ್ನುತ್ತ ಅಮ್ಮ ನನ್ನ ಬಾಯನ್ನೇ ನೋಡುತ್ತ ನಿಂತಳು.